ಉಳಿಯಲೊಪ್ಪದ ಸಿದ್ದಮ್ಮ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸಂಜನಾಳ ಮಗು ಪ್ರಥಮನನ್ನು ನೋಡಿಕೊಳ್ಳುವ ಸಿದ್ದಮ್ಮ ಬೆಳಿಗ್ಗೆ ಬಂದವಳೇ ಇಡೀ ಹೌಸಿಂಗ್ ಸೊಸೈಟಿಗೆ ಕೇಳುವಂತೆ, "ನನ್ನ ರಾಜಾ ಎದ್ದಾನೇನ್ರಿ?" ಎಂದು ಕೂಗುತ್ತಾಳೆ. ಒಂದು ತುತ್ತು ಉಣ್ಣಿಸಲು ಬಾಲ್ಕನಿಯ ಪಾರಿವಾಳಗಳನ್ನೆಲ್ಲ ಹೆಸರಿಟ್ಟು ಕರೆಯುತ್ತಾಳೆ; ಅವನು ಸೀನಿದರೆ ಫ್ಯಾನಿಗೆ ಬೈಯುತ್ತಾಳೆ. ಆದರೆ ಸಂಜೆ ಏಳಾಯಿತೆಂದರೆ, ಅವನು ಸೆರಗು ಹಿಡಿದು ಅತ್ತರೂ ನಿಲ್ಲದೆ ವಿಠ್ಠಲವಾಡಿಯ ತನ್ನ ಮನೆಗೆ ಲೋಕಲ್ ರೈಲು ಹಿಡಿಯುತ್ತಾಳೆ. "ಇಲ್ಲಿಯೇ ಇರಿ ಮಾವ್ಶಿ, ನಿಮಗೇ ಅಂತ ಒಂದು ರೂಮು ಕೊಡ್ತೇವೆ. ಅಲ್ಲಿ ನಿಮಗಾಗಿ ಕಾಯುವವರು ಯಾರಿದ್ದಾರೆ?" ಎಂದು ಸಂಜನಾ ಒಮ್ಮೆ ಕೇಳಿಯೇಬಿಟ್ಟಳು. "ಯಾರೂ ಇಲ್ರಿ ಅಕ್ಕಾರ," ಎಂದು ಸಿದ್ದಮ್ಮ ಚಪ್ಪಲಿ ಮೆಟ್ಟುತ್ತ ನಕ್ಕಳು. "ಹದಿನಾಲ್ಕು ವರ್ಷ ಮಂದಿ ಮನ್ಯಾಗ ಮಲ್ಕೊಂಡೀನಿ. ರಾತ್ರಿ ಅವರು ಕರದಾಗ ಏಳಬೇಕಂತ ಬಾಗಿಲಾ ಹಾಕ್ಕೊಳ್ಳೋ ಹಂಗ ಇರಲಿಲ್ಲ. ಈಗ ನನ್ನ ಖೋಲಿ ಒಳಗ ಹೋಗಿ ನಾನೇ ಚಿಲಕ ಹಾಕ್ಕೋತೀನ್ರಿ."