ಹತ್ತು ನಿಮಿಷದ ನೆಟ್

ಶ್ರಾವಣದ ಎರಡನೆಯ ಸೋಮವಾರ, ಸಂಜೆ ಏಳು ಗಂಟೆ. ನವನಗರದ ಮನೆಯಲ್ಲಿ ನಾನು ಮತ್ತು ನನ್ನ ತಂಗಿ ಇದ್ದೆವು. ಅವಳ ಮಗಳ ಮದುವೆಯ ಸೀರೆ ಇಳಕಲ್ಲಿನ ಮಗ್ಗದಲ್ಲಿತ್ತು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೂಡಿಸುವ ಮೊದಲು ಸೆರಗಿನ ಕೆಂಪನ್ನು ನಾನು ಒಪ್ಪಬೇಕಿತ್ತು. ಕೂಡಿಸಿದ ಮೇಲೆ ಬಣ್ಣ ಬದಲಿಸಲು ಬರುವುದಿಲ್ಲ. ನೇಕಾರರು ವಿಡಿಯೋ ಕಳಿಸಿದ್ದೇನೆಂದು ಹೇಳಿ ಮೂರು ದಿನವಾಗಿತ್ತು. ನನ್ನ ಫೋನಿನಲ್ಲಿ ಮಸುಕಾದ ಚೌಕವೊಂದರ ಮೇಲೆ ದುಂಡಗಿನ ಗೆರೆ ತಿರುಗುತ್ತಿತ್ತು, ಅಷ್ಟೇ.

ನೂಲಿಗೆ ಬಣ್ಣವನ್ನೇ ಹಾಕಿಲ್ಲವೆಂದು ನನ್ನ ಅನುಮಾನ. ಹಳೆಯ ಫೋಟೊ ಕಳಿಸಿಯಾರೆಂದು, ಅಂದಿನ ಪೇಪರನ್ನು ನೂಲಿನ ಪಕ್ಕದಲ್ಲಿಟ್ಟು ವಿಡಿಯೋ ಮಾಡಿರೆಂದು ಹೇಳಿದವಳೂ ನಾನೇ.

ಫೋನ್ ಮಾಡಿದೆ. "ಖರೆ ಹೇಳ್ರಿ, ಕಳಿಸೀರೋ ಇಲ್ಲೋ?"

"ಐದು ನಿಮಿಷದ್ದು ಕಳಿಸೀನ್ರೀ ಅಕ್ಕಾರ. ಪೇಪರಿನ ತಾರೀಖನೂ ಓದಿ ಹೇಳೀನಿ. ಇನ್ನ ನನ್ನ ಮಾರಿನೂ ತೋರಿಸ್ಲೇನ್ರಿ? ಮಗ್ಗ ಸುಮ್ನ ನಿಂತೈತಿ."

ತಂಗಿ ನಕ್ಕಳು. "ಅಕ್ಕಾ, ಏಳಕ್ಕ ನೆಟ್ ಹಚ್ಚಿ ಏಳೂ ಹತ್ತಕ್ಕ ಬಂದ್ ಮಾಡ್ತಿ. ಅಷ್ಟು ದೊಡ್ಡ ವಿಡಿಯೋ ಹೆಂಗ ಬರಬೇಕು?"

ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಎಂಬ ವೇಳಾಪಟ್ಟಿ ನಾನೇ ಹಾಕಿಕೊಂಡದ್ದು. ಅಂದು ಅದನ್ನು ಮುರಿದೆ. ಏಳೂ ಮುಕ್ಕಾಲಿಗೆ ವಿಡಿಯೋ ತೆರೆಯಿತು. ಪೇಪರಿನ ತಾರೀಖನ್ನು ಮೊದಲು ನೋಡಿದೆ, ನೂಲನ್ನು ಆಮೇಲೆ. ಎರಡೂ ಸರಿಯಿದ್ದವು.

"ಕೂಡಿಸ್ರಿ" ಎಂದು ಬರೆದು ಕಳಿಸಿದೆ. ಅವರು ಓದಿದ ಗುರುತು ಬರುವವರೆಗೆ ಕಾಯ್ದು, ನೆಟ್ ಬಂದ್ ಮಾಡಿದೆ.