ಒಂದೂವರೆ ಇಟ್ಟಿಗೆಯ ಗೋಡೆ

ದೆವ್ವದ ಮಾತು ಬಂದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಹಳೆಯ ಮನೆಗಳ ದುರಸ್ತಿ ಮಾಡಿಸುವುದು ನನ್ನ ಕಸುಬು. ತೊಲೆ ಬಿಸಿಲಿಗೆ ನರಳುತ್ತದೆ, ಹೆಂಚಿನ ಕೆಳಗೆ ಇಲಿ ಓಡುತ್ತದೆ. ಮಿಕ್ಕಿದ್ದೆಲ್ಲ ಕೆಲಸವಿಲ್ಲದವರ ಕಟ್ಟುಕಥೆ ಎನ್ನುತ್ತಿದ್ದೆ. ಈಗ ಹಾಗನ್ನಲು ಬಾಯಿ ಬರುವುದಿಲ್ಲ. ನೀವು ನಂಬಬೇಕೆಂದೇನೂ ಇಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ಮಧುಗಿರಿಯಲ್ಲಿ ಇಂಗ್ಲಿಷರ ಕಾಲದ ಎಂಟು ಮನೆಗಳ ಒಂದು ಸಾಲಿದೆ. ಕಲ್ಲಿಗೆ ಬರವಿಲ್ಲದ ಊರಿನಲ್ಲಿ ಯಾವ ದೊರೆ ತನ್ನೂರನ್ನು ನೆನೆದು ಕಟ್ಟಿಸಿದನೋ, ಪೂರ್ತಿ ಕೆಂಪು ಇಟ್ಟಿಗೆ, ಕಮಾನಿನ ಕಿಟಕಿ, ಅಡುಗೆಮನೆಗೊಂದು ಹೊಗೆಗೂಡು. ಎರಡು ಮನೆಗಳ ನಡುವೆ ಒಂದೂವರೆ ಇಟ್ಟಿಗೆ ದಪ್ಪದ ಒಂದೇ ಗೋಡೆ. ಹಾಗಾಗಿ ಅಲ್ಲೊಂದು ರೂಢಿ. ಮೊಳೆ ಹೊಡೆಯುವವರು ಮೊದಲು ಗೋಡೆ ತಟ್ಟಿ ಕೂಗಬೇಕು. ಆಚೆಯವರು ಗೂಡಿನ ಪಾತ್ರೆ, ದೇವರ ಪಟ ಇಳಿಸಿಕೊಂಡು "ಹೂಂ" ಅಂದ ಮೇಲೆಯೇ ಸುತ್ತಿಗೆ ಎತ್ತಬೇಕು.

ಕೆಲವು ವರ್ಷಗಳ ಹಿಂದೆ ಮೂರನೆಯ ಮನೆಯವರು, ಬಹುಕಾಲದಿಂದ ಬೀಗ ಬಿದ್ದಿದ್ದ ನಾಲ್ಕನೆಯದನ್ನೂ ಕೊಂಡು, ನಡುಗೋಡೆಯಲ್ಲಿ ಬಾಗಿಲು ತೆಗೆಸಲು ನನಗೆ ಹೇಳಿದರು. ಕೆಲಸ ಶುರುವಾಗುವ ಹಿಂದಿನ ದಿನ ಅಳತೆಗೆಂದು ಆ ನಾಲ್ಕನೆಯ ಮನೆಯೊಳಗೆಲ್ಲ ಓಡಾಡಿದ್ದೆ. ಧೂಳು ಬಿಟ್ಟರೆ ಒಂದು ಕಡ್ಡಿಯೂ ಇರಲಿಲ್ಲ. ಬೀಗ ಹಾಕಿದವನೂ ನಾನೇ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಹತ್ತೂವರೆ, ನಾವಿಬ್ಬರೂ ಮೂರನೆಯ ಮನೆಯೊಳಗೆ, ನಡುಗೋಡೆಯ ಮುಂದೆ. ಮೇಸ್ತ್ರಿ ನರಸಪ್ಪ ಅದೇ ಸಾಲಿನಲ್ಲಿ ಬೆಳೆದವನು. ಉಳಿ ಇಡುವ ಮೊದಲು ಅಭ್ಯಾಸಬಲದಿಂದ ಗೋಡೆ ತಟ್ಟಿ, "ಅಕ್ಕಾ, ಹೊಡೀತೀವಿ ಕಣಕ್ಕೋ" ಎಂದು ಕೂಗಿದ. ಖಾಲಿ ಮನೆಯ ಅಪ್ಪಣೆ ಕೇಳುತ್ತಾನಲ್ಲ ಎಂದು ನಾನು ನಗುವಷ್ಟರಲ್ಲಿ ಆಚೆಯಿಂದ ಹೆಂಗಸಿನ ದನಿ ಬಂತು.

"ವಸಿ ತಡಿಯಣ್ಣ. ಗ್ವಾಡೆ ಪಕ್ಕ ಮಗ ಮಲಗೈತೆ, ಎತ್ಕಂತೀನಿ."

ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ನರಸಪ್ಪ ಉಳಿ ಕೆಳಗಿಟ್ಟ. ನನ್ನ ಬಳಿ ಸಮಜಾಯಿಷಿ ಸಿದ್ಧವಿತ್ತು. ಆ ನಡುಗೋಡೆಗಳು ಅಟ್ಟದವರೆಗೆ ಮಾತ್ರ. ಹೆಂಚಿನ ಕೆಳಗೆ ಎಂಟೂ ಮನೆಗೆ ಒಂದೇ ಬಯಲು. ಯಾರದೋ ಮನೆಯ ಮಾತು ಅಲ್ಲಿಂದ ಇಳಿದಿರಬೇಕು ಎಂದೆ. ಆದರೂ ಐದು ನಿಮಿಷ ಕಾದೆವು. "ಹೂಂ" ಬರಲಿಲ್ಲ.

"ಹೂಂ ಅನ್ಲಿ ಬುಡಿ ಸಾ. ಅಲ್ಲೀಗಂಟ ನಾನು ಹೊಡಿಯಾಕಿಲ್ಲ" ಎಂದು ನರಸಪ್ಪ ಕೈ ಕಟ್ಟಿ ನಿಂತ.

ಇಲ್ಲಿಂದ ಮುಂದೆ ಹೇಳಲು ನನಗೆ ನಾಚಿಕೆ. ನಾಲ್ಕು ಹೆಜ್ಜೆ ನಡೆದು ಬೀಗ ತೆಗೆದು ನೋಡಬಹುದಿತ್ತು. ನೋಡಿದರೆ ನಂಬಿದಂತಾಗುತ್ತದಲ್ಲ ಎಂಬ ಹಟ. ಸುತ್ತಿಗೆ ಕಿತ್ತುಕೊಂಡು ನಾನೇ ಬೀಸಿದೆ.

ಗಾರೆ ಹಿಡಿತ ಕಳೆದುಕೊಂಡು ಸತ್ತಿತ್ತು. ಆಚೆ ಇಟ್ಟಿಗೆ ದೊಪ್ಪನೆ ಬಿತ್ತು. ಅದರ ಹಿಂದೆಯೇ ಎಳೆಮಗುವಿನ ಅಳು. ಎರಡು ಸಲ ಕಿರುಚಿ ತಟ್ಟನೆ ನಿಂತುಹೋಯಿತು.

ಓಡಿಹೋಗಿ ಬೀಗ ತೆಗೆದೆ. ಧೂಳಿನಲ್ಲಿ ಹಿಂದಿನ ದಿನದ ನನ್ನ ಹೆಜ್ಜೆಗಳು ಮಾತ್ರ. ಗೋಡೆಯ ಬುಡದಲ್ಲಿ ಎರಡು ಇಟ್ಟಿಗೆ. ಮೇಲೆ ತೊಲೆಯಲ್ಲಿ ತೊಟ್ಟಿಲ ಕೊಂಡಿ ಇತ್ತು, ಆದರೆ ಅದು ಎಂಟೂ ಮನೆಗಳಲ್ಲಿದೆ.

ಮನೆಮನೆಗೂ ಹೋಗಿ ವಿಚಾರಿಸಿದೆ. ಆ ಸಾಲಿನಲ್ಲಿ ಆಗ ಎಳೆಮಗುವೇ ಇರಲಿಲ್ಲ. ಆ ಮನೆಯಲ್ಲಿ ಹಿಂದೆಂದಾದರೂ ಮಗು ಸತ್ತಿತ್ತೇ ಎಂದು ಹಿರಿಯರನ್ನು ಕೇಳಿದೆ. ಅಂಥದ್ದೇನೂ ಇಲ್ಲವೆಂದರು. ಅಂಥದೊಂದು ಕಥೆ ಸಿಗಲೆಂದು ನಿಜವಾಗಿ ಆಸೆಪಟ್ಟಿದ್ದೆ. ಸಿಕ್ಕಿದ್ದರೆ ಎಂದೋ ಮುಗಿದದ್ದು ಎಂದುಕೊಳ್ಳಬಹುದಿತ್ತು.

ನರಸಪ್ಪ ಮತ್ತೆ ಆ ಕೆಲಸಕ್ಕೆ ಬರಲಿಲ್ಲ. ಬೇರೆಯವರಿಂದ ಬಾಗಿಲಿಡಿಸಿದೆ, ಜನ ಓಡಾಡಿಕೊಂಡಿದ್ದಾರೆ. ಈಗ ಸ್ವಂತ ಮನೆಯಲ್ಲಿ ಕ್ಯಾಲೆಂಡರಿನ ಮೊಳೆ ಹೊಡೆಯುವಾಗಲೂ ಗೋಡೆ ತಟ್ಟಿ ನಿಲ್ಲುತ್ತೇನೆ. ಹೆಂಡತಿ ನಗುತ್ತಾಳೆ.

ಆ ಅಳು ನಿಂತದ್ದು ತಾಯಿ ಎತ್ತಿಕೊಂಡದ್ದಕ್ಕೋ, ನನ್ನ ಏಟಿಗೋ, ಇವತ್ತಿಗೂ ತಿಳಿದಿಲ್ಲ. ಅವಳು ಹೊಡೆಯಬೇಡ ಅಂದಿರಲಿಲ್ಲ. ವಸಿ ತಡಿ ಅಂದಿದ್ದಳು, ಅಷ್ಟೆ.