ಅಮ್ಮನ ಕಿಟಕಿ, ಆಚೆಯ ದಫನಭೂಮಿ

ಕಲ್ಯಾಣ್‌ನ ನಮ್ಮ ಫ್ಲಾಟಿನ ಹಾಲ್‌ನ ಕಿಟಕಿ ತೆರೆದರೆ ಹಳೇ ದಫನಭೂಮಿ. ಹಡಗುಗಳು ಬರುತ್ತಿದ್ದ ಕಾಲದ ಊರಿದು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಇಳಿಯುವ ಆ ಜಾಗದಲ್ಲಿ ಹೆಸರು ಅಳಿಸಿಹೋದ ಕಲ್ಲುಗಳು, ಗೋರಿಗಳ ಮೇಲೆ ಒಣಹಾಕಿದ ಬಟ್ಟೆ, ಸಂಜೆಯಾದರೆ ಕ್ರಿಕೆಟ್. ಸ್ಟೇಷನ್ನಿಗೆ ಅಡ್ಡದಾರಿಯೂ ಅದೇ. ನನ್ನ ಹೋಟೆಲಿಗೆ ಹೋಗುವಾಗ ಫೋನಿನಲ್ಲಿ ತರಕಾರಿಯವನಿಗೆ ಬೈಯುತ್ತಾ ನಾನೂ ಎಷ್ಟೋ ಸಲ ಅದರೊಳಗಿಂದ ನಡೆದಿದ್ದೇನೆ.

ಅಮ್ಮ ಬೆಳಗಿನ ಕಾಫಿ ಕುಡಿಯುತ್ತಿದ್ದುದು ಆ ಕಿಟಕಿಯ ಬಳಿಯೇ. ನಾನು ಪರದೆ ಎಳೆದರೆ ಅವರು ಸರಿಸುತ್ತಿದ್ದರು. "ಏನು ನೋಡ್ಲಿಕ್ಕುಂಟು ಅಲ್ಲಿ?" ಎಂದು ರೇಗಿದರೆ, "ಗಾಳಿ ಬರ್ತದೆ ಮಗಾ" ಎನ್ನುತ್ತಿದ್ದರು.

ಕಳೆದ ವರ್ಷ ಮಗಳನ್ನು ನೋಡಲು ಘಣಸೋಲಿಯಿಂದ ಹುಡುಗನ ಕಡೆಯವರು ಬರುವುದೆಂದಾಯಿತು. ಒಳಗೆ ಕಾಲಿಟ್ಟ ಕೂಡಲೇ ಗೋರಿ ಕಂಡರೆ ಏನೆಂದುಕೊಂಡಾರು ಎಂಬ ಚಿಂತೆ ನನ್ನ ತಲೆ ಕೊರೆಯತೊಡಗಿತು. ನಮ್ಮ ಕಟ್ಟಡದ ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತು, ಕಂಪೌಂಡ್ ಗೋಡೆಯ ಮೇಲೆ ಎತ್ತರಕ್ಕೆ ತಗಡು ಹಾಕಲೇಬೇಕೆಂದು ಗಂಟಲು ಹರಿಯುವಂತೆ ವಾದಿಸಿದೆ. "ಶೇಟ್ ಬರೋಬರ್ ಬೋಲ್ ರಹೇ ಹೈ" ಎಂದು ಸೆಕ್ರೆಟರಿ ನನ್ನ ಮಾತೇ ಸರಿಯೆಂದು ಒಪ್ಪಿದರು. ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಅಮ್ಮ ಕೇಳಿದ್ದು ಒಂದೇ. "ನಮ್ಮ ಕಿಟಕಿಗಿಂತ ಎತ್ತರವಾ?"

"ನಮ್ಮದು ಒಂದನೇ ಮಾಳಿಗೆ ಅಲ್ವಾ, ಇನ್ನು ಏನೂ ಕಾಣುದಿಲ್ಲ" ಎಂದೆ.

ಅಮ್ಮ ಕಿಟಕಿಯಾಚೆ ಕೈ ತೋರಿಸಿದರು. "ಆ ಬೇವಿನ ಮರದ ಬುಡದಲ್ಲಿ ನಿನ್ನ ಅಣ್ಣ ಇದ್ದಾನೆ. ಹಲ್ಲು ಬಂದಿರ್ಲಿಲ್ಲ, ಸುಡ್ಲಿಕ್ಕಿಲ್ಲ ಅಲ್ವಾ. ನಿನ್ನ ಅಪ್ಪ ಈ ಫ್ಲಾಟ್ ತಗೊಂಡದ್ದೇ ಅದಕ್ಕೆ."

ನನಗಿಂತ ಮೊದಲು ಒಬ್ಬ ಹುಟ್ಟಿ ತೀರಿಹೋಗಿದ್ದನೆಂದು ಗೊತ್ತಿತ್ತು. ಹಸುಗೂಸುಗಳನ್ನು ನಮ್ಮಲ್ಲಿ ಮಣ್ಣು ಮಾಡುತ್ತಾರೆಂದೂ ಗೊತ್ತಿತ್ತು. ಎಲ್ಲಿ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಿಂದ ಅಮ್ಮನ ಮುಖ ನೋಡಲಾಗಲಿಲ್ಲ.

ತಗಡು ಬೇಡವೆಂದು ಹೇಳಲು ಸೆಕ್ರೆಟರಿಯ ಬಾಗಿಲವರೆಗೂ ಹೋದೆ. ಅಷ್ಟು ಕೂಗಾಡಿದವನು ಈಗ ಏನೆಂದು ಹೇಳುವುದು? ಬೆಲ್ ಒತ್ತದೆ ವಾಪಸು ಬಂದೆ. ಥೂ, ಎಂಥ ಮನುಷ್ಯ ನಾನು!

ತಗಡು ಬಂತು. ಘಣಸೋಲಿಯವರು ಬರುವ ದಿನ ಬೆಳಿಗ್ಗೆ ಪರದೆಯನ್ನು ನಾನೇ ಸರಿಸಿಟ್ಟಿದ್ದೆ. ಅಮ್ಮ ಎದ್ದು ಹೋಗಿ ಎಳೆದರು.

"ಬರೀ ತಗಡು ಚೆಂದ ಕಾಣುದಿಲ್ಲ ಮಗಾ, ಬಂದವರು ಏನು ಹೇಳಿಯಾರು" ಎಂದು ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋದರು.